ಗಾದಿ ತಗದ ಅಂಗಡಿ

ಸವಣೂರಿನ ಒಂದು ಸೀರಿ ಅಂಗಡ್ಯಾಗ ನಾ ಸೀರಿ ಬಿಚ್ಚಿ ತೋರಸಾಂವ. ಲಗ್ನದ ಸೀಜನ್ನಿಗೆ ಹೆಚ್ಚು ಮಂದಿ ಹಿಡೀಲಿ ಅಂತ ಸಾವಕಾರ್ರು ಗಿರಾಕಿ ಕುಂದರೂ ಗಾದಿ ತಗಸಿಬಿಟ್ರು. ಅಂಗಡಿ ಸಂತಿ ಆತು.

ಅಂಥಾ ಗದ್ದಲದಾಗ ಹತ್ತಿಮತ್ತೂರಿನ ನೀಲಮ್ಮಕ್ಕ ಕಿರೀ ಮಗಳ ಲಗ್ನದ ಸೀರಿಗೆ ಬಂದ್ರು. ದೊಡ್ಡ ಮಕ್ಕಳಿಬ್ಬರ ಸೀರೀನೂ ನಮ್ಮಲ್ಲೇ ಒಯ್ದವರು. ಗಾದಿ ಮ್ಯಾಲ ಕುಂತು, ಚಹಾ ಕುಡದು, ಸೀರಿ ತೊಡಿ ಮ್ಯಾಲ ಹಾಸಿಕೊಂಡು ಸವರಿ ನೋಡೂದು ಅವರ ರೂಢಿ. ನಾನೂ ರೂಢಿ ಪ್ರಕಾರ, "ಕುಂದರ್ರಿ ಅಕ್ಕಾರ, ಬಂದೆ" ಅಂದೆ.

"ಎಲ್ಲಿ ಕುಂದರ್ಲೋ ತಮ್ಮಾ?" ಅಂದ್ರು. ಅಷ್ಟರಾಗ ಯಾರದೋ ಮೊಣಕೈ ಬಡದು ಅವರ ತಲಿ ಮ್ಯಾಲಿನ ಸೆರಗು ಜಾರಿತು. ನಾ ಇನ್ನೊಂದು ಗಿರಾಕಿ ಕಡೆ ಹೊಳ್ಳಿದೆ. ಮತ್ತ ನೋಡಿದ್ರ ಅವರಿರಲಿಲ್ಲ.

ಮುಂದಿನ ವಾರ ಬಂಕಾಪುರದ ಬಸ್ಸಿನ್ಯಾಗ ಸಿಕ್ರು. ತೊಡಿ ಮ್ಯಾಲ ಬ್ಯಾರೆ ಅಂಗಡಿ ಚೀಲ ಇತ್ತು. ನನ್ನ ನೋಡಿದವರೇ ಅದರ ಮ್ಯಾಲ ಸೆರಗು ಮುಚ್ಚಿದ್ರು.

"ಸಿಟ್ಟಾಗಬ್ಯಾಡ ತಮ್ಮಾ. ನಿಮ್ಮಲ್ಲಿ ಈಗ ಭಾಳ ಮಂದಿ ಬರ್ತಾರ. ನಾ ಒಬ್ಬಾಕಿ ಬರಲಿಲ್ಲಂದ್ರ ಏನಾಗ್ತೈತಿ?" ಅಂದು, ಸರದು ಜಾಗಾ ಮಾಡಿ, "ಕುಂದರು" ಅಂದ್ರು.

ಯಾವ ಮಾರಿ ಇಟಗೊಂಡು ಕುಂದರ್ಲಿ? ನಿಂತೇ ಹೋದೆ.

ಇದನ್ನ ಸಾವಕಾರ್ರಿಗೆ ಹೇಳಿದೆ. ಎಲ್ಲಾ ಕೇಳಿ, "ಆ ಚಹಾದ ಮೇಜೂ ತಗದ್ರ ಇನ್ನೂ ನಾಕ ಮಂದಿ ನಿಲ್ತಾರ ನೋಡು" ಅಂದ್ರು.