ಚಂದ್ರನ ಗಾಡಿಯ ಖಬರು

ಕುಷ್ಟಗಿಗೆ ವರ್ಗವಾಗಿ ಬಂದ ವರ್ಷ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಶಾಲೆಯಲ್ಲಿ ಇತಿಹಾಸದ ಪಾಠ ಮುಗಿಸಿ ಬಂದರೆ ಮರುದಿನದವರೆಗೆ ಮಾತಾಡಲು ಯಾರೂ ಸಿಗುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಕೌದಿ ಹೊಲಿಯುವ ಮುಸ್ಲಿಂ ಅಜ್ಜಿಯೊಬ್ಬರಿದ್ದರು.

ಚಂದ್ರನ ಮೇಲೆ ಇಳಿದಿದ್ದ ನಮ್ಮ ದೇಶದ ಪುಟ್ಟ ಗಾಡಿಯನ್ನು, ಅಲ್ಲಿ ಕತ್ತಲಾಗುವ ಮೊದಲು ಮಲಗಿಸಿದ್ದಾರೆಂದು ಟಿವಿಯಲ್ಲಿ ಬಂದ ದಿನ ಅವರು ನನ್ನನ್ನು ತಡೆದು ಕೇಳಿದರು.

"ಅದರ ಜೋಡಿ ಯಾರದಾರ್ರಿ ಅಲ್ಲಿ?"

"ಯಾರೂ ಇಲ್ರಿ. ಬಿಸಿಲು ಬಿದ್ದ ಮ್ಯಾಲೆ ಎದ್ದರೂ ಏಳಬಹುದು."

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಮಾತು. "ಎದ್ದ ಖಬರ್ ಬಂತೇನ್ರಿ?" ಅವರಿಗೆ ಹೇಳಲೆಂದೇ ನಾನು ಎದ್ದ ಕೂಡಲೇ ಫೋನಿನಲ್ಲಿ ಸುದ್ದಿ ಹುಡುಕತೊಡಗಿದೆ.

ಆಗ ತರಗತಿಯಲ್ಲಿ, ಹೊಸ ನಾಡು ಹುಡುಕಿ ಕಡಲಿಗಿಳಿದ ನಾವಿಕರ ಪಾಠ ನಡೆದಿತ್ತು. ದಡದಲ್ಲಿ ಅವರ ದಾರಿ ಕಾಯುತ್ತಿದ್ದವರ ಬಗ್ಗೆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ನಾನೇ ಎರಡು ಮಾತು ಸೇರಿಸಿ ಹೇಳಿದೆ.

ಕೆಲವು ವಾರಗಳ ನಂತರ, ಗಾಡಿ ಏಳುವ ಭರವಸೆಯಿಲ್ಲವೆಂದು ಪತ್ರಿಕೆಯಲ್ಲಿ ಬಂತು. ಹೇಳಿದೆ. ಅಜ್ಜಿಯ ಸೂಜಿ ನಿಂತಿತು.

"ಹೋದ ಕೆಲಸ ಮುಗಿಸಿತ್ತೇನ್ರಿ?"

"ಮುಗಿಸಿತ್ರಿ. ಅಲ್ಲಿ ಮಣ್ಣಾಗ ಏನೈತಿ ಅಂತ ಹೇಳೇ ಮಲಗೇತಿ."

"ಛಲೋ ಆತು ಬಿಡ್ರಿ," ಎಂದು ಅವರು ಮತ್ತೆ ಹೊಲಿಯತೊಡಗಿದರು.

ಮರುದಿನ ಅವರು ಏನೂ ಕೇಳಲಿಲ್ಲ. ಆದರೂ ಅವರ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಪ್ರಾರ್ಥನೆಗೆ ತಡವಾಗುತ್ತದೆಂದು ಶಾಲೆಯತ್ತ ನಡೆದೆ.