ಬೇರೆ ಹಾಕಿದ ಎಲೆ

"ಟೀಚರ್, ಇವತ್ತು ನಿಮ್ಮದು ಎಂತ ಬಣ್ಣ?"

ಪುತ್ತೂರಿನ ದರ್ಬೆಯಲ್ಲಿ ಬಸ್ಸಿಗೆ ಕಾದು ನಿಂತ ಹತ್ತಾರು ಜನರ ನಡುವೆ ನನ್ನನ್ನು ಕಂಡು ಅಡಿಕೆ ವ್ಯಾಪಾರದ ಮೊಯ್ದಿನ್ ಬ್ಯಾರಿಯವರು ರಸ್ತೆಯ ಆಚೆ ಬದಿಯಿಂದ ಹೀಗೆ ಕೂಗಿ ಕೇಳಿದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವರು ಕೇಳಿದ್ದು ಸೀರೆಯ ಬಣ್ಣವನ್ನಲ್ಲ, ಬೆಳಿಗ್ಗೆ ನಾನು ಕಾಯಿಸಿ ನೋಡಿದ ಮೂತ್ರದ ಬಣ್ಣವನ್ನು. ನನ್ನ ಉತ್ತರಕ್ಕೂ ಕಾಯದೆ, "ನನ್ನದು ಹಳದಿ ಮಾರಾಯ್ರೆ, ನಿನ್ನೆ ಹಲಸಿನ ಹಣ್ಣು ತಿಂದದ್ದು ಹೆಚ್ಚಾಯಿತು" ಎಂದು ತಮ್ಮದನ್ನೂ ಊರಿಗೆಲ್ಲ ಸಾರಿ ಬಸ್ಸು ಹತ್ತಿದರು. ಸುತ್ತ ನಿಂತವರಲ್ಲಿ ಒಬ್ಬರೂ ನಗಲಿಲ್ಲ.

ಇಳಕಲ್ಲಿನಲ್ಲಿ ಇದನ್ನು ಓದುತ್ತಿರುವ ನನ್ನ ಜನರೇ, ನೀವು ಮೂಗು ಮುರಿಯುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಾನೂ ಮುರಿದವಳೇ. ನಮ್ಮಲ್ಲಿ ಸಕ್ರಿ ಬ್ಯಾನಿಯ ಮಾತನ್ನು ಬಾಗಿಲು ಹಾಕಿಕೊಂಡು ಆಡುತ್ತಾರೆ. ನನಗೆ ಅದು ಬಂದಿದೆಯೆಂದು ಗೊತ್ತಾದ ದಿನ ಅಣ್ಣ ಹೇಳಿದ ಮೊದಲ ಮಾತು, "ಹೊರಗ ಎಲ್ಲೂ ಬಾಯಿ ಬಿಡಬ್ಯಾಡ, ನಿನ್ನ ತಂಗಿ ಮದುವಿ ಇನ್ನೂ ಆಗೂದೈತಿ." ದವಾಖಾನೆಯಲ್ಲಿ ಹೇಳಿದ್ದು ಇನ್ನೂ ಕಡಿಮೆ: "ಸಕ್ರಿ ಬಿಡ್ರಿ." ಬಿಟ್ಟೆ. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟು, ಉಳಿದದ್ದನ್ನೆಲ್ಲ ಮೊದಲಿಗಿಂತ ಒಂದು ತುತ್ತು ಹೆಚ್ಚೇ ತಿಂದೆ. ಕುಪ್ಪಸ ಸಡಿಲವಾಗುತ್ತ ಹೋಯಿತು, ಬಾಯಾರಿಕೆ ನಿಲ್ಲಲಿಲ್ಲ. ಹೀಗೇ ಸವೆದು ಸಾಯುವುದು ನನ್ನ ಹಣೆಬರಹ ಎಂದುಕೊಂಡಿರುವಾಗ, ನಾಡು ಒಂದಾದ ಮೇಲಿನ ಆ ವರ್ಷಗಳಲ್ಲಿ, ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ನನಗೆ ಪುತ್ತೂರಿಗೆ ವರ್ಗವಾಯಿತು.

ಇಲ್ಲಿ ಮೊದಲು ಹೆದರಿಸಿದ್ದು ಮೌನ. ನಮ್ಮಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವಳು ನಾನು. ಇಲ್ಲಿ ಒಂದೊಂದು ಮನೆಯೂ ಒಂದೊಂದು ಗುಡ್ಡದ ಮಗ್ಗುಲಿಗೆ ಅಡಗಿ ಕೂತಿದೆ, ನೆರೆಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಅವರ ನಾಯಿ ಬೊಗಳಬೇಕು. ಭಾಷೆಯೂ ಅಷ್ಟೇ. ನಾನು "ಐತಿ" ಎಂದರೆ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವು. ಇವರಿಗೆ ಎಲ್ಲವೂ "ಉಂಟು". ಏನು ಎನ್ನುವುದಕ್ಕೆ "ಎಂತ". ಉಳಿದ ಕನ್ನಡವೆಲ್ಲ ಪುಸ್ತಕದಿಂದ ಎದ್ದು ಬಂದಂತೆ ಅಷ್ಟು ಶುದ್ಧ, ನನ್ನನ್ನು ಅಣಕಿಸುತ್ತಿದ್ದಾರೆಂದೇ ಕೆಲವು ತಿಂಗಳು ತಿಳಿದಿದ್ದೆ. ಊರಲ್ಲಿ ಅಕ್ಕೋರು ಆಗಿದ್ದವಳು ಇಲ್ಲಿ ಟೀಚರ್ ಆದೆ. ಜೋಳ ಇಡೀ ಪೇಟೆಯಲ್ಲಿ ಸಿಗಲಿಲ್ಲ. ಮೂರು ಹೊತ್ತೂ ಕುಚ್ಚಲಕ್ಕಿಯ ಗಂಜಿ ಉಂಡೆ. ಒಂದು ದಿನ ಹೊಲಿಗೆಯ ತರಗತಿಯಲ್ಲೇ ಕಣ್ಣು ಕತ್ತಲೆ ಬಂದು ಕುಸಿದೆ, ಜೊತೆಯ ಟೀಚರುಗಳು ಎತ್ತಿಕೊಂಡು ಹೋಗಿ ಪೇಟೆಯ ಡಾಕ್ಟರ ಮುಂದೆ ಕೂರಿಸಿದರು.

ಆ ಡಾಕ್ಟ್ರು ನಾಡಿ ಹಿಡಿಯುವ ಮೊದಲು ಕೇಳಿದ್ದು, "ಅಡಿಗೆ ಯಾರು ಮಾಡುದು?"

"ನಾನ ಮಾಡಕೋತೀನ್ರಿ. ಒಬ್ಬಾಕೀನ ಇರೂದು."

"ಹಾಗಾದರೆ ಸಂತೆಯ ದಿನ ಬನ್ನಿ. ಔಷಧ ಕೊಟ್ಟು ಕಳಿಸಿದರೆ ನೀವು ಗುಣ ಆಗುದಿಲ್ಲ. ನೀವು ಕಲೀಬೇಕು."

ಸಂತೆಯ ದಿನ ಹೋದರೆ ಅವರ ಜಗಲಿಯೇ ಒಂದು ಶಾಲೆ. ಸುಳ್ಯ, ಕಡಬ, ಬೆಟ್ಟಂಪಾಡಿ ಎಂದು ದೂರದೂರದಿಂದ ಸಕ್ಕರೆ ಕಾಯಿಲೆಯವರು ಬಂದು ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಅವರವರ ಮನೆಯ ಅಡಿಗೆಯವರು. ಹೆಂಡತಿಯೋ ಸೊಸೆಯೋ ಬಾರದಿದ್ದರೆ ಡಾಕ್ಟ್ರು ಬೈಯುತ್ತಿದ್ದರು: "ಕಾಯಿಲೆ ನಿಮ್ಮದು, ಆದರೆ ಸೌಟು ಅವರ ಕೈಯಲ್ಲಿ ಉಂಟಲ್ಲ?" ನನಗೆ ಜೊತೆ ಯಾರೆಂದು ಕೇಳಿದಾಗ ಮೂಲೆಯಿಂದ ಒಬ್ಬ ಹೆಂಗಸು, "ನಾನಿಲ್ವಾ? ನನ್ನ ಹತ್ತಿರ ಕೂರಿಸಿ" ಎಂದಳು. ಅವಳೇ ಪೂವಕ್ಕ, ಜಾಲ್ಸೂರಿನ ಗೌಡರ ಮನೆಯವಳು, ನನ್ನ ಹಾಗೆಯೇ ರೋಗಿ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ನನ್ನೊಡನೆ ಮಗುವಿಗೆ ತಿಳಿಸುವಂತೆ ನಿಧಾನದ ಕನ್ನಡ.

ನಾನು ಕಲಿತದ್ದೆಲ್ಲ ಆ ಜಗಲಿಯಲ್ಲಿ. ನೀಲಿ ಔಷಧಕ್ಕೆ ಕೆಲವು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ ಎಂದು ಏರುತ್ತ ಇಟ್ಟಿಗೆಯ ಕೆಂಪಿಗೆ ಬಂದರೆ ಅಪಾಯ. ಡಾಕ್ಟ್ರು ಭಾಷಣ ಮಾಡುತ್ತಿರಲಿಲ್ಲ. ಹಳೆಯ ರೋಗಿಗಳಿಂದ ಹೊಸಬರಿಗೆ ಹೇಳಿಸುತ್ತಿದ್ದರು, ತಪ್ಪಿದರೆ ಮಾತ್ರ ಬಾಯಿ ಹಾಕುತ್ತಿದ್ದರು. ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವುದನ್ನು ಪೂವಕ್ಕ ನನಗೆ ಬಾಳೆದಿಂಡಿನ ಮೇಲೆ ಕಲಿಸಿದಳು. ಸೂಜಿ ಹಿಡಿದೇ ಹೊಟ್ಟೆ ಹೊರೆಯುವವಳು ನಾನು, ಆದರೂ ನನ್ನ ತೊಡೆಯ ಮುಂದೆ ಕೈ ಮೇಲೇಳಲಿಲ್ಲ. "ಬಟ್ಟೆ ಅಂತ ತಿಳ್ಕೊಳ್ಳಿ, ಹೊಲೀರಿ" ಎಂದು ಅವಳು ನಗಿಸಿದ ಒಂದು ಕ್ಷಣದಲ್ಲಿ ಚುಚ್ಚಿಬಿಟ್ಟೆ.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಪಾದದ ಪಾಠ. ಈ ಕಾಯಿಲೆಯವರಿಗೆ ಅಂಗಾಲಿನ ಗಾಯ ಗೊತ್ತೇ ಆಗುವುದಿಲ್ಲ, ತಮ್ಮ ಅಂಗಾಲು ತಮಗೆ ಸರಿಯಾಗಿ ಕಾಣುವುದೂ ಇಲ್ಲ. ಅದಕ್ಕೆ ಒಬ್ಬರ ಕಾಲನ್ನು ಇನ್ನೊಬ್ಬರು ನೋಡಬೇಕು. ಗೌಡರ ಪೂವಕ್ಕ ಮೊಯ್ದಿನ್ ಬ್ಯಾರಿಯವರ ಅಂಗಾಲಿಗೆ ಬಗ್ಗಿ, "ಮುಳ್ಳು ಉಂಟು ಇಲ್ಲಿ, ಚಪ್ಪಲಿ ಹಾಕುದಿಲ್ವಾ ನೀವು?" ಎಂದು ಗದರುವುದನ್ನು ಕಂಡು ನಾನು ನನ್ನ ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. ನಮ್ಮಲ್ಲಿ ಒಬ್ಬರ ಕಡೆ ಕಾಲು ಚಾಚಿದರೇ ಜಗಳವಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಇವರು ನನ್ನನ್ನು ಹೊರಗಿನವಳೆಂದೇ ಎಣಿಸುತ್ತಾರೆ ಎಂಬ ಅನುಮಾನ ನನ್ನ ಹೊಟ್ಟೆಯೊಳಗೆ ಉಳಿದೇ ಇತ್ತು. ಅದು ಹೊರಬಿದ್ದದ್ದು ಪೂವಕ್ಕನ ಮಗಳ ಮದುವೆಯಲ್ಲಿ.

ಬೆಳಿಗ್ಗೆ ಸೂಜಿ ಹಾಕಿಕೊಂಡು, ದೋಸೆ ತಿಂದು, ಜಾಲ್ಸೂರಿನ ಬಸ್ಸು ಹತ್ತಿದ್ದೆ. ಅಂಗಳದ ಚಪ್ಪರದಲ್ಲಿ ಜನ ತುಂಬಿದ್ದರು, ಧಾರೆಗೆ ಇನ್ನೂ ಹೊತ್ತಿತ್ತು. ಪೂವಕ್ಕನ ನಾದಿನಿ ಬಂದು, "ಟೀಚರ್, ನೀವು ಹಿಂದಿನ ಜಗಲಿಗೆ ಬನ್ನಿ. ನಿಮಗೆ ಅಲ್ಲಿ ಬೇರೆ ಎಲೆ ಹಾಕಿ ಉಂಟು" ಎಂದಳು. ಹೋಗಿ ನೋಡಿದೆ. ಜನವಿಲ್ಲದ ಜಗಲಿಯಲ್ಲಿ ಒಂದು ಗಿಡ್ಡ ಸಾಲು ಬಾಳೆಲೆ. ಚಿಕ್ಕಂದಿನಲ್ಲಿ ನೇಯ್ದ ಸೀರೆ ಒಪ್ಪಿಸಲು ಹೋದ ದೊಡ್ಡ ಮನೆಗಳಲ್ಲಿ ನಮಗೆ ಹೀಗೆಯೇ ಹಿತ್ತಲಿನಲ್ಲಿ ಬೇರೆ ಎಲೆ ಹಾಕುತ್ತಿದ್ದರು. ಆ ಅನ್ನದ ರುಚಿ ಇನ್ನೂ ನಾಲಿಗೆಯ ಮೇಲಿದೆ.

"ಮದುವಿಗೆ ಕರದು ಹಿತ್ತಲಾಗ ಕೂಡಸ್ತೀರೇನ್ರಿ? ನಿಮ್ಮ ಊಟ ನಿಮಗ ಇರಲಿ" ಎಂದವಳೇ ಹೊರಟುಬಿಟ್ಟೆ.

ಬಿಸಿಲಲ್ಲಿ ಬಸ್ಸಿನ ರಸ್ತೆಯ ಕಡೆಗೆ ನಡೆದೆ. ಕೈ ನಡುಗುತ್ತಿತ್ತು, ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಸಿಟ್ಟು ಬಂದಾಗ ನನಗೆ ಹಾಗಾಗುವುದು ಹೊಸದಲ್ಲ. ಆದರೆ ಸೂಜಿ ಹಾಕಿಕೊಂಡವರು ಹೊತ್ತಿಗೆ ಉಣ್ಣದಿದ್ದರೂ ಹೀಗೇ ಆಗುತ್ತದೆ; ಮೈಯ ಸಕ್ಕರೆ ತೀರ ಇಳಿದು ಎಚ್ಚರ ತಪ್ಪುತ್ತದೆ, ಪ್ರಾಣವೂ ಹೋದೀತು. ಆ ಪಾಠವನ್ನು ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೆ. ಅಂದು ಮಾತ್ರ ಅದು ಸಿಟ್ಟೆಂದೇ ನಂಬಿ ನಡೆದೆ. ರಸ್ತೆ ಎರಡೆರಡಾಗಿ ಕಂಡಾಗ ಒಂದು ಕೆಂಪುಕಲ್ಲಿನ ಮೋಟುಗೋಡೆಯ ಮೇಲೆ ಕುಳಿತೆ. ಏಳಲು ಆಗಲಿಲ್ಲ.

ಯಾರೋ ನನ್ನ ಗಲ್ಲ ಹಿಡಿದು ಅಲುಗಿಸಿದರು. ಮದುವೆಯ ಸೀರೆಯಲ್ಲಿ, ಏದುಸಿರು ಬಿಡುತ್ತ, ಪೂವಕ್ಕ.

"ಬಾಯಿ ತೆರೀರಿ. ಬೈಯುದು ಮತ್ತೆ ಬೈಯಿರಿ." ಸೆರಗಿನ ತುದಿಯ ಗಂಟು ಬಿಚ್ಚಿ, ಇಂಥ ಹೊತ್ತಿಗೆಂದೇ ಕಟ್ಟಿಕೊಂಡಿದ್ದ ಒಂದು ಮುಷ್ಟಿ ಸಕ್ಕರೆಯನ್ನು ಬಾಯಿಗೆ ತುರುಕಿದಳು.

ನಾಲಿಗೆ ತಿರುಗಿದ ಕೂಡಲೇ ಬೈದೆ. "ನಿಮ್ಮ ಸಾಲಿನಾಗ ನನಗ ಜಾಗ ಇಲ್ಲೇನ್ರಿ?"

"ಎಂತ ಸಾಲು ಮಾರಾಯ್ರೆ? ಧಾರೆ ಆಗಿ ಚಪ್ಪರದಲ್ಲಿ ಎಲೆ ಹಾಕುವಾಗ ಹೊತ್ತು ಇಳೀತದೆ. ಸೂಜಿ ಹಾಕಿದವರು ಅಷ್ಟರವರೆಗೆ ಉಪವಾಸ ಕೂರುದು ಹೇಗೆ? ಅದಕ್ಕೆ ನಮಗೆ ಮೊದಲೇ ಹಾಕಿದ್ದು."

"ನಮಗ ಅಂದ್ರ ಯಾರಿಗ್ರಿ?"

"ಎಂತ ಕೇಳ್ತೀರಿ? ನಿಮ್ಮ ಪಕ್ಕದ ಎಲೆ ನನ್ನದಲ್ವಾ?"

ಮದುಮಗಳ ತಾಯಿ ಧಾರೆ ಎರೆಯುವವರೆಗೆ ಉಪವಾಸ ಇರಬೇಕು. ಅವಳು ಎಲ್ಲ ನೆಂಟರ ಕಣ್ಣೆದುರು ಮೊದಲೇ ಉಣ್ಣಲು ಹೊರಟಿದ್ದಳು, ಅದನ್ನೂ ಬಿಟ್ಟು ನನ್ನ ಹಿಂದೆ ಓಡಿ ಬಂದಿದ್ದಳು. ನನಗೆ ಅಳು ಬಂತು. ರಸ್ತೆ ಬದಿಯಲ್ಲಿ ಕೂತು ಮಗುವಿನ ಹಾಗೆ ಅತ್ತೆ.

ಹಿಂದಿರುಗಿದಾಗ ಆ ಜಗಲಿಯ ಸಾಲು ತುಂಬಿತ್ತು. ಮೊಯ್ದಿನ್ ಬ್ಯಾರಿಯವರಿದ್ದರು, ಕಡಬದ ಕಡೆಯ ಇಬ್ಬರಿದ್ದರು, ಕಾಯಿಲೆಯೇ ಇಲ್ಲದ ಡಾಕ್ಟ್ರು ಕೊನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ಬೇರೆ ಸಾಲು ಮಾಡಿ ಅಂತ ಹೇಳಿದವ ನಾನೇ. ಅಡಿಗೆಯವರಿಗೆ ಹೇಳಿದೆ, ನಿಮಗೆ ಹೇಳಲಿಲ್ಲ. ತಪ್ಪು ನನ್ನದು ಟೀಚರ್" ಎಂದರು. ತಪ್ಪು ನನ್ನದು ಎಂದ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದು ಸೌಟು ಅನ್ನ, ಬೇಕಾದಷ್ಟು ತೊಂಡೆಕಾಯಿ ಪಲ್ಯ, ಹರಿವೆ ಸಾರು, ಮಜ್ಜಿಗೆ. ಒಳಗಿನಿಂದ ಪಾಯಸದ ಘಮ ಬರುತ್ತಿತ್ತು. "ವಾಸನೆ ತೆಗೊಂಡರೆ ಬಣ್ಣ ಏರ್ತದಾ ಡಾಕ್ಟ್ರೇ?" ಎಂದು ಮೊಯ್ದಿನ್ ಬ್ಯಾರಿಯವರು ಕೇಳಿದರು, ಎಲ್ಲರೂ ನಕ್ಕೆವು. ಆ ದಿನದಿಂದ ಪುತ್ತೂರು ನನ್ನ ಊರು.

ನನ್ನ ಊರು ಎಂದು ಬರೆದೆ, ನಿಜವೇ. ಆದರೂ ಶಾಲೆಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ಇಳಕಲ್ಲಿಗೆ ಓಡಿದೆ. ಬಿಸಿ ರೊಟ್ಟಿ ತಿಂದೆ, ಮಗ್ಗದ ಸದ್ದಿನಲ್ಲಿ ಸುಖವಾಗಿ ಮಲಗಿದೆ. ಬೆಳಿಗ್ಗೆ ಅಂಗಳದಲ್ಲೇ ಕೂತು ಸ್ಪಿರಿಟ್ ದೀಪ ಹಚ್ಚಿದಾಗ ಅಣ್ಣ ಎದ್ದು ಒಳಗೆ ಹೋದ. ಅವ್ವ ಮಾತ್ರ ಪಕ್ಕದಲ್ಲಿ ಬಂದು ಕೂತಳು. ಎಲ್ಲವನ್ನೂ ಕೇಳಿದಳು. ಯಾವುದನ್ನು ಎಷ್ಟು ತಿನ್ನಬೇಕು, ಕಾಲನ್ನು ಯಾಕೆ ನೋಡಬೇಕು, ಸೂಜಿ ಯಾಕೆ. ಬಹಳ ಹೆಮ್ಮೆಯಿಂದ ಹೇಳಿಕೊಟ್ಟೆ.

ಆಮೇಲೆ ಅವಳು ಅಪ್ಪನ ಮಾತು ತೆಗೆದಳು. ಅಪ್ಪ ತೀರಿಕೊಂಡದ್ದು ಇದೇ ಕಾಯಿಲೆಯಿಂದ, ಕಾಲಿನ ಹುಣ್ಣು ಮಾಯದೆ.

"ನಿಮ್ಮಪ್ಪಗ ಡಾಕ್ಟರು ಸಕ್ರಿ ಬ್ಯಾಡ ಅಂದಿದ್ರು. ಒಂದು ಹರಳು ಕೊಡಲಿಲ್ಲ ನಾ. ಚಹಾ, ಹೋಳಿಗಿ, ಎಲ್ಲಾ ಬೆಲ್ಲದಾಗ ಮಾಡಿ ಕೊಟ್ಟೆ." ನನ್ನ ಕಡೆ ತಿರುಗಿ ಕೇಳಿದಳು, "ಬೆಲ್ಲ ನಡೀತಿತ್ತಲ್ಲ?"

ಬೆಲ್ಲವೂ ಸಕ್ಕರೆಯೇ. ಆ ಜಗಲಿಯಲ್ಲಿ ಹೊಸಬರಿಗೆ ಹೇಳುವ ಮೊದಲ ಮಾತೇ ಅದು, ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ.

"ನಡೀತಿತ್ತವ್ವ" ಎಂದೆ.

ಅಲ್ಲಿ ರಸ್ತೆಯಲ್ಲಿ ನಿಂತು ಹೇಳಬಲ್ಲ ಮಾತನ್ನು ಇಲ್ಲಿ ಹೆತ್ತವಳಿಗೆ ಹೇಳಲಾರದೆ ಮತ್ತೆ ಪುತ್ತೂರಿನ ಬಸ್ಸು ಹತ್ತಿದೆ. ನನ್ನ ಅವ್ವನಿಗೆ ಓದಲು ಬರುವುದಿಲ್ಲ. ಇಳಕಲ್ಲಿನವರೇ, ಇದನ್ನು ನಿಮ್ಮ ಮನೆಯ ಅಡಿಗೆಯವರಿಗೆಲ್ಲ ಓದಿ ಹೇಳಿ, ಬೆಲ್ಲದ ಮಾತನ್ನು ಎರಡು ಸಲ ಓದಿ. ನಮ್ಮ ಓಣಿಯಲ್ಲಿ ಮಾತ್ರ ಸ್ವಲ್ಪ ಮೆಲ್ಲಗೆ.