ನಮ್ಮ ಮೊದಲ ಸಿಂಗಲ್‌ನಲ್ಲಿ ಇಲ್ಲದ ದನಿ

ದೆವ್ವ, ಶಕುನಗಳ ಮಾತು ಬಂದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನೊಂದು ಸೈಕೆಡೆಲಿಕ್ ಹಾರ್ಡ್ ರಾಕ್ ತಂಡದಲ್ಲಿ ಹಾಡುತ್ತಿದ್ದೆ. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಿಟಾರ್ ನುಡಿಸುತ್ತಿದ್ದ ನವೀನನ ಸೋದರಮಾವನಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಇತ್ತು. ಭಾನುವಾರ ಅಲ್ಲೇ ನಮ್ಮ ಅಭ್ಯಾಸ. ಪಕ್ಕದ ಶೆಡ್ಡಿನಲ್ಲಿ ರಜೆಯ ದಿನವೂ ಪವರ್ ಪ್ರೆಸ್ ತಗಡು ಕತ್ತರಿಸುತ್ತಿತ್ತು. ಅದರ ಸದ್ದನ್ನು ತಡೆಯಲಾಗದೆ ಡ್ರಮ್ಮನ್ನೇ ಅದಕ್ಕೆ ಹೊಂದಿಸಿಕೊಂಡೆವು. ಆ ಬಡಿತದ ಮೇಲೆ ನಾನೊಂದು ಹಾಡು ಬರೆದೆ, ರಾಗ ಹಾಕಿದೆ, ಹಾಡಿದೆ. ಅದೊಂದನ್ನೇ ಬಿಡಿ ಹಾಡಾಗಿ, ನಮ್ಮ ಮೊದಲ ಸಿಂಗಲ್ ಆಗಿ ಬಿಡುಗಡೆ ಮಾಡುವುದೆಂದು ತೀರ್ಮಾನವಾಯಿತು.

ಆಮೇಲೆ ನವೀನ, "ಹುಡುಗಿ ವಾಯ್ಸಲ್ಲಿ ಹೆವಿ ಫೀಲ್ ಬರಲ್ಲ ಕಣೇ, ತಪ್ಪು ತಿಳ್ಕೋಬೇಡ" ಎಂದ. ವೈಟ್‌ಫೀಲ್ಡ್‌ನ ಸ್ಟುಡಿಯೋ ಒಂದರಲ್ಲಿ ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಿದರು. ಹಾಡಿದವನು ಅವನೇ. ನನ್ನನ್ನು ಕರೆಯಲೂ ಇಲ್ಲ. ಬಿಡುಗಡೆಯಾದಾಗ ನೋಡಿದರೆ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ಅವನದೇ ಹೆಸರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವಾರ ಒಂದು ಬೆಳಿಗ್ಗೆ, ಕಾಡುಗೋಡಿಯ ಬಾಡಿಗೆ ಮನೆಯ ಟೆರೇಸಿನಲ್ಲಿ ಬಟ್ಟೆ ಹರವುತ್ತಾ ಫೋನಿನಲ್ಲಿ ಆ ಹಾಡು ಹಾಕಿದೆ. ನವೀನನ ದನಿ ಶುರುವಾಯಿತು. ಎರಡನೆಯ ಚರಣಕ್ಕೆ ಅದು ನಿಂತು, ನನ್ನ ದನಿ ಬಂತು. ಹಿಂದೆ ಪ್ರೆಸ್ಸಿನ ಬಡಿತ. ಸಿಟ್ಟಿಗೆ ಹೀಗೆಲ್ಲ ಕೇಳಿಸುತ್ತಿದೆ ಎಂದುಕೊಂಡೆ. ಆದರೆ ಅಲ್ಲೇ ಮೆಣಸಿನಕಾಯಿ ಒಣಗಿಸುತ್ತಿದ್ದ ಮನೆಯೊಡತಿ ಜಯಮ್ಮ ತಲೆಯೆತ್ತಿದರು.

"ನಿನ್ ದನಿ ಅಲ್ವೇನವ್ವ ಇದು? ಚೆಂದಾಗೈತೆ. ಅದ್ಯಾಕೆ ಇಂದ್ಗಡೆ ಮಿಸನ್ನು ಬಡ್ಕೊಂತೈತೆ?"

ನಾನು ಹಾಡುತ್ತೇನೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಸಂಜೆ ಮಹದೇವಪುರಕ್ಕೆ ಹೋಗಿ, ನವೀನನ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಅವನಿಗೆ ಕೇಳಿಸಿದೆ. "ಸಕ್ಕತ್ತಾಗಿ ಎಡಿಟ್ ಮಾಡಿದೀಯ" ಎಂದು ನಕ್ಕ.

"ನಿನ್ನ ಫೋನಲ್ಲೇ ಹಾಕು" ಎಂದೆ.

ಹಾಕಿದ. ಅದೇ ಚರಣ, ಅದೇ ದನಿ. ಅವನ ಮುಖ ಬಿಳಿಚಿಕೊಂಡಿತು. "ನಿನ್ ಹೆಸ್ರು ಹಾಕ್ಬಿಡ್ತೀನಿ ಕಣೇ, ಮೊದ್ಲು ಇದನ್ನ ನಿಲ್ಸು!"

"ನಿನ್ನ ಫೋನು. ನೀನೇ ನಿಲ್ಸು."

ಮರುದಿನ ಹಾಡಿನ ಕೆಳಗೆ ನನ್ನ ಹೆಸರು ಬಂತು. ಸಾಹಿತ್ಯದ ಮುಂದೆಯೂ ಅಲ್ಲ, ಸಂಗೀತದ ಮುಂದೆಯೂ ಅಲ್ಲ. ಎಲ್ಲದರ ಕೊನೆಗೆ, ಸ್ಟುಡಿಯೋಗೆ ಊಟ ತಂದುಕೊಟ್ಟ ಗೆಳೆಯನ ಹೆಸರಿನ ಪಕ್ಕ, 'ಕೃತಜ್ಞತೆಗಳು' ಎಂಬಲ್ಲಿ.

ಅಂದಿನಿಂದ ಆ ದನಿ ಕೇಳಿಸಿಲ್ಲ. ಎಷ್ಟು ಸಲ ಹಾಕಿದರೂ ನವೀನನೇ ಕೊನೆಯವರೆಗೆ ಹಾಡುತ್ತಾನೆ. ಅದು ಎಲ್ಲಿಂದ ಬಂದಿತ್ತೋ ನನಗೆ ತಿಳಿದಿಲ್ಲ. ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಹೇಗೆ ಹೋಯಿತೆಂಬುದಂತೂ ಇನ್ನೂ ಅರ್ಥವಾಗಿಲ್ಲ. ನನಗೆ ಸಮಾಧಾನವಾಗಿಲ್ಲ.